ಬೇವಿನ ಬುಡದ ಬೆಂಡೋಲಿ

ಲೋಹ ಹುಡುಕುವ ಯಂತ್ರದ ಹುಚ್ಚು ಹಿಡಿದವರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ನಾನೂ ಇದ್ದೇನೆ. ಹೋದ ತಿಂಗಳು ಅಲ್ಲಿ ಎಲ್ಲರೂ ತಮ್ಮ ಮೊದಲ ಯಂತ್ರದ ಕಥೆ ಬರೆದರು. ಅಥಣಿಯವರೊಬ್ಬರಿಗೆ ಮೊದಲ ದಿನವೇ ಅಪ್ಪನ ಸೈಕಲ್ಲಿನ ಗಂಟೆ ಸಿಕ್ಕಿತಂತೆ. ರಾಯಬಾಗದವರಿಗೆ ಮೂರು ದಿನ ಬರೀ ಬಾಟಲಿ ಮುಚ್ಚಳ. "ಮಾಸ್ತರ್ರ, ನಿಮ್ದೂ ಬರೀರಿ" ಎಂದು ನನ್ನನ್ನು ಮೂರು ಸಲ ಕೇಳಿದರು. ನೆಟ್‌ವರ್ಕ್ ಇಲ್ಲವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವಿಜ್ಞಾನ ಕಲಿಸುತ್ತಿದ್ದ ಮಾಸ್ತರ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಎಲ್ಲರ ತಪ್ಪು ಹುಡುಕುತ್ತಿದ್ದೆ. ಬೇರೇನಾದರೂ ಹುಡುಕಲಿ ಎಂದು ಮಗಳೇ ಈ ಯಂತ್ರ ತರಿಸಿಕೊಟ್ಟಳು. ಉದ್ದನೆಯ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಚಕ್ರ. ಅದನ್ನು ಹೊತ್ತು ಕಬ್ಬೂರಿನ ನಮ್ಮ ಹೊಲಕ್ಕೆ ಹೊರಟರೆ ದಾರಿಯುದ್ದಕ್ಕೂ ಚೇಷ್ಟೆ.

"ಮಾಸ್ತರ್ರ, ಹಂಡೆ ತುಂಬ ಬಂಗಾರ ಸಿಕ್ರ ನಮಗೂ ಒಂದ ಪಾಲ ಇಡ್ರಿ!"

"ಮೊದ್ಲ ನಿನ್ನ ತಲಿ ಮ್ಯಾಲ ಹಿಡದ ನೋಡ್ತೇನಿ, ಒಳಗ ಏನರ ಐತೇನಂತ" ಎಂದು ರೇಗುತ್ತಿದ್ದೆ.

ಸಿಕ್ಕಿದ್ದು ಎತ್ತಿನ ಲಾಳ, ಟ್ರ್ಯಾಕ್ಟರಿನ ಬೋಲ್ಟು, ಮತ್ತೆ ಲೆಕ್ಕವಿಲ್ಲದಷ್ಟು ಗುಟಕಾ ಚೀಟಿ. ಚೀಟಿಯೊಳಗಿನ ಬೆಳ್ಳಿಬಣ್ಣದ ಹಾಳೆಗೆ ಯಂತ್ರ ಸಣ್ಣಗೆ ಕುಂಯ್ ಎನ್ನುತ್ತದೆ. ಚಿನ್ನದ ಪುಟ್ಟ ಒಡವೆಗೂ ಹಾಗೇ ಕುಂಯ್ ಎನ್ನುತ್ತದೆ ಎಂಬುದು ನನಗಾಗ ಗೊತ್ತಿರಲಿಲ್ಲ. ಬದುವಿನ ಬೇವಿನ ಬುಡದಲ್ಲಿ ಆ ಸದ್ದು ಬಂದಾಗಲೆಲ್ಲ ಗುಟಕಾ ತಿನ್ನುವವರನ್ನು ಬೈದುಕೊಂಡು ಮುಂದೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ, ಈ ಕಸವನ್ನಾದರೂ ಆರಿಸಿಬಿಡೋಣವೆಂದು ಸಿಟ್ಟಿನಿಂದ ಅಗೆದೆ. ನಾಲ್ಕು ಬೆರಳಿನ ಆಳದಲ್ಲಿ ಅವ್ವನ ಕಿವಿಯ ಬೆಂಡೋಲಿ ಸಿಕ್ಕಿತು. ಮುತ್ತುಗಳು ಹೋಗಿದ್ದವು, ಚಿನ್ನ ಹಾಗೇ ಇತ್ತು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಆ ಬೆಂಡೋಲಿ ಕಳೆದದ್ದು ಮೂವತ್ತು ವರ್ಷಗಳ ಹಿಂದೆ, ಶೇಂಗಾದ ಕಸ ತೆಗೆಯುವ ದಿನಗಳಲ್ಲಿ. ಅವತ್ತು ಹೊಲದಲ್ಲಿ ಅವ್ವನ ಜೊತೆ ಐದು ಜನ ಹೆಣ್ಣಾಳುಗಳಿದ್ದರು. ಸಂಜೆ ಅವ್ವ ಕಿವಿ ಮುಟ್ಟಿ ನೋಡಿಕೊಂಡಳು, ಒಂದು ಕಿವಿಯ ಬೆಂಡೋಲಿ ಇರಲಿಲ್ಲ. ನಮ್ಮ ಮನೆದೇವರು ಮಂಗಸೂಳಿಯ ಮಲ್ಲಯ್ಯ. ಕಳವಿನ ಮಾತು ಬಂದರೆ ದೇವರ ಅರಿಷಿಣಪುಡಿ, ಅಂದರೆ ಭಂಡಾರ ಮುಟ್ಟಿ ಆಣೆ ಮಾಡಿಸುವುದು ನಮ್ಮಲ್ಲಿ ರೂಢಿ. ಅವ್ವ ಹೇಳಿದಳು, ನಾನು ದೇವರ ಜಗಲಿಯಿಂದ ಭಂಡಾರದ ತಟ್ಟೆ ತಂದು ಅಂಗಳದಲ್ಲಿ ಹಿಡಿದು ನಿಂತೆ. ನಾಲ್ವರು ಮುಟ್ಟಿದರು. ಐದನೆಯವಳು ಕೈ ಕಟ್ಟಿಕೊಂಡು ನಿಂತಳು. ಹತ್ತು ವರ್ಷದಿಂದ ನಮ್ಮ ಹೊಲಕ್ಕೆ ಬರುತ್ತಿದ್ದವಳು ಅವಳು. ಅವರ ಮನೆಯವರೆಲ್ಲ ಜಗಲಿಯ ದೇವರನ್ನು ತೆಗೆದು ಬೌದ್ಧರಾಗಿ ಆಗಲೇ ಬಹಳ ಕಾಲವಾಗಿತ್ತು.

"ನಾವು ದೇವ್ರ ಬಿಟ್ಟೇವ್ರಿ ಅವ್ವಾರ. ನಂಬಲಾರದ್ದನ್ನ ಮುಟ್ಟಿ ಆಣಿ ಮಾಡಿದ್ರ ಅದೂ ಸುಳ್ಳ ಆಗ್ತೈತಿ. ನಾ ತಗೊಂಡಿಲ್ರಿ. ನನ್ನ ಮಾತ ನಂಬ್ರಿ."

"ತಗೊಂಡಿಲ್ಲಂದ್ರ ಭಂಡಾರಕ್ಕ ಯಾಕ ಅಂಜ್ತೀ ಬೇ?" ಎಂದಳು ಅವ್ವ.

ನಾನಾದರೂ ಬಾಯಿ ಬಿಡಬೇಕಿತ್ತು. ಶಾಲೆಯಲ್ಲಿ ಮಕ್ಕಳಿಗೆ, ಪರೀಕ್ಷಿಸಿ ನೋಡದೆ ಏನನ್ನೂ ನಂಬಬೇಡಿ ಎಂದು ಪಾಠ ಮಾಡುತ್ತಿದ್ದವನು ನಾನು. ಆ ಪುಡಿಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಆದರೂ ತಟ್ಟೆಯನ್ನು ಅವಳ ಮುಂದೆ ಇನ್ನಷ್ಟು ಚಾಚಿ, "ಒಂದ ಸಲ ಮುಟ್ಟಿ ಬಿಡ ಬೇ, ಮುಗದ ಹೋಗ್ಲಿ" ಎಂದೆ. ಅವಳು ನನ್ನನ್ನು ನೋಡಿದಳು. ಬುತ್ತಿಯ ಗಂಟು ಎತ್ತಿಕೊಂಡು ಹೋದಳು. ಮರುದಿನದಿಂದ ಊರಿನಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮನೆ ಖಾಲಿ ಮಾಡಿ ತವರೂರಾದ ಭೋಜಕ್ಕೆ ಹೋದಳು. ಅಲ್ಲಿಂದ ನಿಪ್ಪಾಣಿಯ ತಂಬಾಕಿನ ವಖಾರಿಗೆ ದುಡಿಯಲು ಹೋಗುತ್ತಿದ್ದಾಳೆಂದು ಸುದ್ದಿ ಬಂತು.

ಬೆಂಡೋಲಿ ತೊಳೆದು ಅವ್ವನ ಅಂಗೈಯಲ್ಲಿಟ್ಟೆ. ಆಗ ಅವಳಿಗೆ ಎಂಬತ್ತು ದಾಟಿತ್ತು. ಬಹಳ ಹೊತ್ತು ನೋಡಿದಳು. "ಅಕಿನಽ ಅಂಜಿ ತಂದ ಒಗದಿರಬೇಕು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತು ರಾತ್ರಿ ಉಣ್ಣಲಿಲ್ಲ.

ನಾನು ಭೋಜಕ್ಕೆ ಹೋದೆ. ಗೋಡೆಯ ಮೇಲೆ ಬುದ್ಧನ ಫೋಟೋ, ಕೆಳಗೆ ಹೊರಸಿನ ಮೇಲೆ ಅವಳು. ತಂಬಾಕಿನ ಧೂಳು ಎದೆಗೆ ಕೂತಿತ್ತು, ಎರಡು ಮಾತಿಗೊಮ್ಮೆ ಕೆಮ್ಮು. ಕರವಸ್ತ್ರ ಬಿಚ್ಚಿ ಬೆಂಡೋಲಿ ತೋರಿಸಿದೆ. "ತಪ್ಪಾತ್ರಿ ಅಕ್ಕಾರ" ಎಂದೆ. ಅವಳಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಅವಳು ಒಡವೆಯನ್ನು ಮುಟ್ಟಲಿಲ್ಲ. ಸೊಸೆಯನ್ನು ಕರೆದು ನನಗೆ ಚಹಾ ಮಾಡಿಸಿದಳು. ನಾನು ಎದ್ದು ನಿಂತಾಗ ಹೇಳಿದಳು:

"ಇಲ್ಲಿ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ ಮಾಸ್ತರ್ರ? ನಾ ತಗೊಂಡಿಲ್ಲಂತ ನನಗ ಮೊದ್ಲಽ ಗೊತ್ತಿತ್ತು. ನನ್ನ ಹೆಸರ ಎಲ್ಲಿ ಕೆಡಸೀರಿ ಅಲ್ಲಿ ನಿಂತ ಹೇಳ್ರಿ. ಹೇಳಿದ ಮ್ಯಾಲ ಒಮ್ಮಿ ಬಂದ ಹೋಗ್ರಿ."

ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ನನ್ನ ಕೈ ಹಿಡಿದುಕೊಂಡಳು. "ಸಾಯೂ ಕಾಲಕ್ಕ ನನ್ನ ಊರ ಮುಂದ ತಲಿ ತಗ್ಗಸಾಕ ಹಚ್ಚಬ್ಯಾಡೋ. ನಾ ಹ್ವಾದ ಮ್ಯಾಲ ಏನರ ಮಾಡ್ಕೋ."

ಅವ್ವನ ಕಣ್ಣೀರಿಗೆ ನಾನು ಮಣಿದೆ. ಮಣಿದೆ ಅನ್ನುವುದೂ ಪೂರ್ತಿ ನಿಜವಲ್ಲ. ನನಗೂ ಅದು ಬೇಕಾಗಿತ್ತು. ಮಾಸ್ತರ ಅನಿಸಿಕೊಂಡವನು ಊರ ಮುಂದೆ ನಿಂತು ಆ ತಟ್ಟೆಯ ಕಥೆ ಹೇಳಬೇಕಲ್ಲ ಎಂಬ ನಾಚಿಕೆ. ಇವತ್ತು, ನಾಳೆ ಎನ್ನುತ್ತ ವರ್ಷ ಕಳೆಯಿತು. ಅವ್ವ ಚಳಿಗಾಲದಲ್ಲಿ ತೀರಿಕೊಂಡಳು. ತಿಂಗಳ ಕಾರ್ಯ ಮುಗಿಸಿ ಮತ್ತೆ ಭೋಜದ ಬಸ್ಸು ಹತ್ತಿದೆ. ಈಗ ಹೇಳುತ್ತೇನೆ, ಬೇಕಾದರೆ ನನ್ನ ಜೊತೆಯಲ್ಲೇ ಊರಿಗೆ ಬನ್ನಿ ಎಂದು ಕರೆಯುವುದಿತ್ತು.

ಬಾಗಿಲಿಗೆ ಸೊಸೆ ಬಂದಳು. "ಅತ್ತಿ ಹೋಗಿ ನಾಕ ತಿಂಗಳಾತ್ರಿ. ಹೊರಸ ಹಿಡದ ಮ್ಯಾಲೂ ಕೇಳ್ತಿದ್ರು, ಕಬ್ಬೂರಿಂದ ಯಾರರ ಬಂದಿದ್ರೇನಂತ."

ಯಂತ್ರವನ್ನು ಆಮೇಲೆ ನಾನು ಮುಟ್ಟಿಲ್ಲ.

ಮೊನ್ನೆ ಶೇಂಗಾದ ಕಸ ತೆಗೆಯಲು ಹೆಣ್ಣಾಳುಗಳು ಬಂದಿದ್ದರು. ಮಧ್ಯಾಹ್ನ ಅದೇ ಬೇವಿನ ಕೆಳಗೆ ಬುತ್ತಿ ಬಿಚ್ಚಿ ಕೂತಾಗ ನಾನು ಎದುರು ನಿಂತೆ. ಬೆಂಡೋಲಿ ಅಂಗೈಯಲ್ಲಿಟ್ಟುಕೊಂಡು, ತಟ್ಟೆ ಹಿಡಿದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. "ಅಕಿ ಕಳ್ಳಿ ಅಲ್ರಿ. ತಪ್ಪ ನಮ್ದು, ನನ್ನದು" ಎಂದೆ. ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು. ಎಲ್ಲರೂ ಹರೆಯದವರು. ಅವತ್ತು ಭಂಡಾರ ಮುಟ್ಟಿದ ನಾಲ್ವರಲ್ಲಿ ಈಗ ಯಾರೂ ಉಳಿದಿಲ್ಲ.

ಒಬ್ಬಳು ಮೆಲ್ಲಗೆ ಕೇಳಿದಳು:

"ಯಾರ್ರಿ ಮಾಸ್ತರ್ರ ಅಕಿ?"