ನರಿಗೆ ಹಾಕಿದ ಕುರ್ಚಿ

"ನಮ್ಮ ಮನ್ಯಾಗ ಪುಸ್ತಕ ಬರಿಯೋರು ಹುಟ್ಟೂದಿಲ್ಲ, ಬಿಡು" ಎಂದವಳು ನನ್ನ ಸೋದರತ್ತೆ. ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುತ್ತ ಅಂದಿದ್ದಳು. ಅದಕ್ಕೂ ಮೊದಲು, ಡಿಗ್ರಿಯೂ ಆಗುವುದಿಲ್ಲ ಎಂದೇ ಅಂದಿದ್ದಳು. ಅದು ಆಯಿತು, ಕಾಲೇಜಿಗೆ ಓಡಾಡುವ ರೈಲಿನಲ್ಲಿ ನಿಂತೇ ಓದಿ ಮುಗಿಸಿದೆ. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಈ ಮಾತನ್ನು ಈಗಲೂ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಆಮೇಲೆ ಚಿತ್ತಾಪುರದಲ್ಲಿ ಸಣ್ಣ ಮಕ್ಕಳಿಗೆ ಕಲಿಸುವ ತರಬೇತಿಗೆ ಸೇರಿದೆ. ಕೊನೆಗೆ ಒಂದು ಜನಪದ ಕತೆಯನ್ನು ನಗೆಯ ಚಿತ್ರಪುಸ್ತಕ ಮಾಡಿ ಮಕ್ಕಳೆದುರು ಓದಬೇಕು. ಮಕ್ಕಳು ನಗದಿದ್ದರೆ ಪ್ರಮಾಣಪತ್ರವಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಅತ್ತೆಗೂ ಅದನ್ನು ಹೇಳಿದ್ದೆ.

ಕತೆ ಹುಡುಕಬೇಕಿರಲಿಲ್ಲ. ಅತ್ತೆ ಹೇಳುತ್ತಿದ್ದುದೇ ಇತ್ತು. ಕೋಳಿ ತಿನ್ನಲು ನರಿ ಬೇಸಗೆಯ ನಡುಮಧ್ಯಾಹ್ನ ಬರುತ್ತದೆ. ಕೋಳಿ ಹೆದರದೆ "ಬರ್ರಿ ಮಾಮಾ, ಕುಂದ್ರಿ" ಎಂದು ಬಾಗಿಲ ಮುಂದಿನ ಹಾಸುಗಲ್ಲು ತೋರಿಸುತ್ತದೆ. ಕಲ್ಲು ಕಾದು ಹೆಂಚಾಗಿದೆ. ನಮ್ಮಲ್ಲಿ ಕುಂತ ಬೀಗರು ಚಹಾ ಕುಡಿಯದೆ ಏಳಬಾರದು, ಎದ್ದರೆ ಮರ್ಯಾದೆ ಹೋಯಿತು. ನರಿ ಏಳುವಂತಿಲ್ಲ, ಕೂರುವಂತಿಲ್ಲ. ಒಳಗಿನಿಂದ ಕೋಳಿ, "ಚಹಾ ಕುದಿಲಿಕತ್ತದ ಮಾಮಾ, ಇನ್ನೊಂದು ಗಳಿಗಿ!" ಅತ್ತೆ ಒಮ್ಮೆ ಈ ಕುಂಡಿ, ಒಮ್ಮೆ ಆ ಕುಂಡಿ ಎತ್ತುತ್ತ, ಮುಖದ ಮೇಲಿನ ಬೀಗರ ನಗೆ ಮಾತ್ರ ಬಿಡದೆ ನರಿಯಾಗುತ್ತಿದ್ದಳು. ನಾವು ಬಿದ್ದು ಉರುಳುತ್ತಿದ್ದೆವು.

ಆ ಕಲ್ಲನ್ನು ನಾನು ಪುಸ್ತಕದಿಂದ ತೆಗೆದೆ. ನಮ್ಮ ಅಂಗಳದಲ್ಲಿ ಹಾಸಿದ್ದವೂ ಅಂಥವೇ, ಕಾರ್ಖಾನೆಯಲ್ಲಿ ಮೂಲೆ ಒಡೆದು ಮಾರಾಟವಾಗದ ಕಲ್ಲುಗಳು. ಕಾಲೇಜಿನಲ್ಲಿ ನನ್ನ ಚಪ್ಪಲಿಯ ಕಲ್ಲುಪುಡಿ ನೋಡಿ ಗೆಳತಿಯರು ಮೂಗು ಮುರಿದದ್ದು ಮರೆತಿರಲಿಲ್ಲ. ನರಿಗೆ ಹೂದೋಟದಲ್ಲಿ ಮೆತ್ತನೆಯ ಕುರ್ಚಿ ಹಾಕಿದೆ. ಕುಂಡಿಯ ಮಾತಂತೂ ಬರಲೇ ಇಲ್ಲ. ಕೊನೆಯ ಪುಟದಲ್ಲಿ ನರಿ ಕ್ಷಮೆ ಕೇಳುತ್ತದೆ. ಬಣ್ಣ ಮಾತ್ರ ಚೆನ್ನಾಗಿ ಬಂದಿತ್ತು.

ಓದುವ ದಿನ ಅತ್ತೆಯನ್ನು ಹಟ ಹಿಡಿದು ಕರೆದೊಯ್ದೆ. ನೋಡಲಿ ಅಂತ. ಅವಳು ಹಿಂದೆ ಗೋಡೆಗೊರಗಿ ಕೂತಳು, ಅಂಗನವಾಡಿಯ ಮಕ್ಕಳು ನನ್ನ ಮುಂದೆ.

"ನರಿಯು ಕುರ್ಚಿಯ ಮೇಲೆ ಕುಳಿತು ಚಡಪಡಿಸಿತು" ಎಂದು ಓದಿದೆ.

"ಯಾಕ್ರಿ ಟೀಚರ್? ಕುರ್ಚಿ ಮೆತ್ತಗ ಅದಲ್ಲ?" ಎಂದಿತು ಒಂದು ಹುಡುಗಿ.

"ತಿಗಣಿ ಕಡದಿರಬೇಕು" ಎಂದಿತು ಪಕ್ಕದ್ದು, ಭಾಳ ಚಿಂತೆಯಿಂದ.

ಯಾರೂ ನಗಲಿಲ್ಲ. ಪುಟ ತಿರುವಿದೆ, ಆಗಲೂ ಇಲ್ಲ. ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

ಆಗ ಹಿಂದಿನಿಂದ ನಗು ಕೇಳಿತು. ಅತ್ತೆ! ನಗುವಂಥದ್ದೇನೂ ಇಲ್ಲದ ಪುಟಕ್ಕೆ ನೆಲ ಬಡಿದು, ಹೊಟ್ಟೆ ಹಿಡಿದು ನಗುತ್ತಿದ್ದಳು. ಮಕ್ಕಳು ತಿರುಗಿ ನೋಡಿದವು. ಮುಂದಿನ ಹಲ್ಲು ಬಿದ್ದ ಬಾಯಿ, ನಡುವೆ ಕೆಮ್ಮು, ಮತ್ತೆ ನಗು. ಮೊದಲು ಆ ಹುಡುಗಿ ಕಿಸಕ್ಕೆಂದಿತು, ಆಮೇಲೆ ಇಡೀ ಕೋಣೆ. ಮೇಡಂ ಕೂಡ ನಗುತ್ತ ಪೆನ್ನು ತೆಗೆದರು. ನಾನು ಪುಸ್ತಕ ಹಿಡಿದು ನಿಂತೇ ಇದ್ದೆ. ಅದರ ಕಡೆ ಒಬ್ಬರೂ ನೋಡುತ್ತಿರಲಿಲ್ಲ.

ಅತ್ತೆಯ ನಿಜವಾದ ನಗುವಿಗೆ ಸದ್ದಿರುವುದಿಲ್ಲ. ಹೆಗಲು ಅಲುಗುತ್ತದೆ, ಅಷ್ಟೇ. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಸಂಜೆ ಪ್ರಮಾಣಪತ್ರ ಕೊಡುವಾಗ "ಮಕ್ಕಳು ಎಷ್ಟು ನಕ್ಕರು ನೋಡಮ್ಮ!" ಎಂದರು ಮೇಡಂ. ತಲೆ ಎತ್ತದೆ ತೆಗೆದುಕೊಂಡೆ. ಹೊರಗೆ ಬಂದು ಅತ್ತೆಯ ಕೈಗಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಆಗಷ್ಟೇ ಪಾಲಿಶ್ ಆದ ಕಲ್ಲನ್ನು ಹಿಡಿಯುವಂತೆ ಅಂಚಿನಲ್ಲಷ್ಟೇ ಹಿಡಿದಳು.

"ಚಲೋ ಅದ" ಎಂದಳು. "ಮುಂದಿನ ಸಲ ಆ ನರಿನ್ನ ನಮ್ಮ ಕಲ್ಲಿನ ಮ್ಯಾಲೇ ಕುಂದ್ರಸವ್ವ. ಸುಳ್ಳ ನಕ್ಕು ನಕ್ಕು ನನ್ನ ಹೊಟ್ಟಿ ನೋಯಲಿಕತ್ತದ."