ಮೈದಾನಕ್ಕೆ ಇಳಿದ ಕಸ್ತೂರೆವ್ವ

ಸಾಫ್ಟ್‌ಬಾಲ್ ಆಡುವುದರಲ್ಲಿ ಅಣ್ಣಿಗೇರಿಯ ಶಾಂಭವಿಯದು ಎತ್ತಿದ ಕೈ. ಹುಬ್ಬಳ್ಳಿಯ ಕಾಲೇಜಿನಲ್ಲಿ ಮೂರು ವರ್ಷ ಅವಳು ಶಾರ್ಟ್‌ಸ್ಟಾಪ್ ಆಗಿದ್ದಳು. ಎಂದರೆ, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಂತು, ಚೆಂಡು ಬಂದ ಕಡೆಗೆಲ್ಲ ಬಿದ್ದೆದ್ದು ಹಿಡಿಯುವವಳು. ಬೀಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಮೊಣಕೈ ಕೆತ್ತಿಹೋದರೂ ಚೆಂಡು ಮಾತ್ರ ಅವಳನ್ನು ದಾಟುತ್ತಿರಲಿಲ್ಲ. ಎರಡು ಸಲ ಕಾಲೇಜಿಗೆ ಕಪ್ ತಂದಳು, ವಿಶ್ವವಿದ್ಯಾಲಯದ ತಂಡಕ್ಕೂ ಆಡಿದಳು. ಪತ್ರಿಕೆಯಲ್ಲಿ ಫೋಟೋ ಬಂದಾಗ ಊರಿನ ಕಿರಾಣಿ ಅಂಗಡಿಯ ತಿರಕಪ್ಪ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ. ಶಾಂಭವಿ ತನ್ನ ಶಾಲೆಯ ಮಕ್ಕಳಿಗೆ ಹೇಳುವುದು ಇಷ್ಟನ್ನೇ. ಉಳಿದದ್ದನ್ನು ನುಂಗಿಕೊಳ್ಳುತ್ತಾಳೆ.

ಕೊನೆಯ ವರ್ಷದ ಫೈನಲ್‌ಗೆ ತಾಯಿ ಕಸ್ತೂರೆವ್ವ ಹೇಳದೆ ಕೇಳದೆ ಬಸ್ಸು ಹತ್ತಿ ಬಂದಳು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಇಡೀ ತಂಡಕ್ಕಾಗುವಷ್ಟು ರೊಟ್ಟಿಯ ಗಂಟು. ಆಟದ ತಲೆಬುಡ ಗೊತ್ತಿಲ್ಲ. ಮಗಳು ಆಡುವುದನ್ನು ನೋಡುತ್ತಿರುವುದೂ ಅದೇ ಮೊದಲು. ಜನ ಶಾಂಭವಿಯ ಹೆಸರು ಹಿಡಿದು ಕೂಗುತ್ತಿದ್ದರೆ ಆಕೆಗೆ ಹಿಗ್ಗಿಗಿಂತ ಅಂಜಿಕೆಯೇ ಹೆಚ್ಚಾಯಿತು. ಒಬ್ಬ ಮಗಳ ಮೇಲೆ ಇಷ್ಟು ಜನರ ಕಣ್ಣು!

ಕೊನೆಯ ಇನಿಂಗ್ಸಿನಲ್ಲಿ ಚೆಂಡು ಸುಂಯ್ ಎಂದು ಬಂತು. ಶಾಂಭವಿ ಎಡಕ್ಕೆ ಹಾರಿ ಹಿಡಿದು, ಮಣ್ಣಿನಲ್ಲಿ ಮುಖ ಅಡಿಯಾಗಿ ಬಿದ್ದಳು. ಮೈದಾನವೆಲ್ಲ ಚಪ್ಪಾಳೆ. ಕಸ್ತೂರೆವ್ವನಿಗೆ ಕಂಡದ್ದು ಬಿದ್ದ ಮಗಳು ಮಾತ್ರ. ಗಂಟನ್ನು ಅಲ್ಲೇ ಬಿಟ್ಟು, ಗೆರೆ ದಾಟಿ ಓಡಿಬಂದಳು.

"ಬಿತ್ತಲ್ಲೋ ಶಿವನ, ನನ್ನ ಕೂಸು! ಯಾರ ನೆದರ ಬಡೀತವ್ವಾ!"

ಎನ್ನುತ್ತಲೇ, ಬಿದ್ದ ಜಾಗದ ಚಿಟಿಕೆ ಮಣ್ಣು ತೆಗೆದು, ದೃಷ್ಟಿ ತೆಗೆಯಲು ಮೂರು ಸಲ ಮಗಳ ಮುಖಕ್ಕೆ ನಿವಾಳಿಸಿ, ಥೂ ಥೂ ಎಂದು ಉಗುಳಿದಳು. ಆಟ ನಿಂತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರು ತಂಡದವರು ಶಿಳ್ಳೆ ಹಾಕಿದರು.

ಅಂಪೈರ್ ಸಿಟ್ಟಿನಿಂದ ಬಂದು ಶಾಂಭವಿಯನ್ನು ಕೇಳಿದರು. "ಯಾರೀಕಿ? ನಿಮ್ಮ ಪೈಕಿ ಏನು?"

"ಗೊತ್ತಿಲ್ರಿ ಸರ್," ಎಂದಳು ಶಾಂಭವಿ.

ಎಲುಬಿಲ್ಲದ ನಾಲಿಗೆ, ಆಡಿಯೇಬಿಟ್ಟಿತು. ಕಸ್ತೂರೆವ್ವ ಒಂದು ಗಳಿಗೆ ಮಗಳ ಮುಖ ನೋಡಿದಳು. ಆಮೇಲೆ ಅಂಪೈರಿಗೆ ಕೈಮುಗಿದು, "ತಪ್ಪಾತ್ರಿ ಯಪ್ಪಾ. ದೂರಿಂದ ನನ್ನ ಮಗಳು ಕಂಡಂಗಾತ್ರಿ," ಎಂದು ಸೆರಗು ಎಳೆದುಕೊಂಡು ಹೊರಟುಹೋದಳು.

ಆ ದಿನ ತಂಡ ಗೆದ್ದಿತು. ಉತ್ತಮ ಆಟಗಾರ್ತಿ ಶಾಂಭವಿಯೇ. ಅನಾಥವಾಗಿ ಬಿದ್ದಿದ್ದ ಗಂಟನ್ನು ಹುಡುಗಿಯರು ಬಿಚ್ಚಿ, "ಶೇಂಗಾ ಚಟ್ನಿ ಅಗದಿ ಭಾರಿ ಐತ್ಲೇ," ಎಂದು ತಿಂದರು. ಶಾಂಭವಿಯೂ ತಿಂದಳು. ಅದು ಯಾರ ಕೈಯ ಚಟ್ನಿ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮನೆಗೆ ಹೋದಾಗ ಕಸ್ತೂರೆವ್ವ ಅವಳ ಮೊಣಕೈಗೆ ಅರಿಸಿನ ಹಚ್ಚಿದಳೇ ಹೊರತು ಮೈದಾನದ ಮಾತು ಎತ್ತಲಿಲ್ಲ. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹನ್ನೊಂದು ವರ್ಷವಾಯಿತು. ಶಾಂಭವಿ ಈಗ ನವಲಗುಂದದ ಹೈಸ್ಕೂಲೊಂದರಲ್ಲಿ ಆಟದ ಟೀಚರ್. ಆ ಒಂದು ಮಾತು ನೆನಪಾದಾಗಲೆಲ್ಲ ಇವತ್ತಿಗೂ ನಾಚಿಕೆಯಿಂದ ಅವಳ ಕಿವಿ ಬಿಸಿಯಾಗುತ್ತದೆ. ಹೋದ ತಿಂಗಳು ತನ್ನ ಹುಡುಗಿಯರ ಪಂದ್ಯಕ್ಕೆ ಅವ್ವನನ್ನು ಹಟಮಾಡಿ ಕರೆತಂದು, ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ಎಲ್ಲರೆದುರು "ಈಕೆ ನಮ್ಮವ್ವ" ಎನ್ನಬೇಕು, ಎದೆಯ ಭಾರ ಇಳಿಸಬೇಕು ಎಂದು ಲೆಕ್ಕ ಹಾಕಿದ್ದಳು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದು, "ಇವರು ಯಾರ್ರೀ ಟೀಚರ್?" ಎಂದರು.

ಅವಳು ಬಾಯಿ ತೆರೆಯುವುದರೊಳಗೆ ಕಸ್ತೂರೆವ್ವ ಗಡಬಡಿಸಿ ಕುರ್ಚಿ ಬಿಟ್ಟು ಎದ್ದಳು. "ಯಾರೂ ಅಲ್ರೀ ಸಾಹೇಬ್ರ. ಹಂಗ ಆಟ ನೋಡಾಕ ಬಂದೀನ್ರಿ."

"ನಮ್ಮವ್ವ ರೀ ಸರ್! ನನ್ನ ಹಡದಾಕಿ!" ಶಾಂಭವಿ ಕೂಗಿಯೇಬಿಟ್ಟಳು. ಹುಡುಗಿಯರು ಆಟ ಬಿಟ್ಟು ತಿರುಗಿ ನೋಡಿದರು.

ಕಸ್ತೂರೆವ್ವ ಮೈದಾನದ ಕಡೆ ನೋಡಿ ಗಾಬರಿಯಾದಳು. ಮಗಳ ಕೈ ಜಗ್ಗಿ ಪಿಸುಗುಟ್ಟಿದಳು: "ಸುಮ್ಮನಿರ ಬೇ. ಮತ್ತ ನನ್ನಿಂದ ಆಟ ನಿಂತೈತಿ ನೋಡು."