ಗಟ್ಟಿಮೇಳಕ್ಕೆ ಓಡಿದ ಡ್ರಮ್ಮರ್

ಗಂಗಾಧರ ಡ್ರಮ್ಸ್ ಬಾರಿಸಲು ಕೂತರೆ ಮುಂದೆ ಒಂದು ಗುಂಡುಕಲ್ಲು ಇರಲೇಬೇಕು. ಅವನು ಪೆಡಲ್ ಒತ್ತುವ ರಭಸಕ್ಕೆ ದೊಡ್ಡ ಡ್ರಮ್ ಇಂಚಿಂಚೇ ಸರಿದು ಸ್ಟೇಜಿನ ಅಂಚಿಗೆ ಬಂದುಬಿಡುತ್ತಿತ್ತು. ಕಲ್ಲು ಅಡ್ಡ ಇಟ್ಟು, ತುಟಿ ಕಚ್ಚಿಕೊಂಡು ಬಾರಿಸುವಾಗ ಯಾರ ಮೇಲೋ ಜಗಳಕ್ಕೆ ಹೊರಟವನಂತೆ ಕಾಣುತ್ತಿದ್ದ.

ಎಪ್ಪತ್ತರ ದಶಕದ ಕೊನೆ. ತುಮಕೂರಿನ ಮರಳೂರಿನ ಒಂದು ಶೆಡ್ಡಿನಲ್ಲಿ ನಮ್ಮ ರಾಕ್ ಬ್ಯಾಂಡಿನ ಪ್ರಾಕ್ಟೀಸ್. ಕಾನ್ವೆಂಟಿನ ಕಾಯರ್‌ನಲ್ಲಿ ಹಾಡಿಕೊಂಡಿದ್ದ ನಾನು ಅದರ ಸಿಂಗರ್. ಗಂಗಾಧರ ಹಗಲೆಲ್ಲ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿ ಸಂಜೆ ಸೈಕಲ್ ತುಳಿದು ಬರುತ್ತಿದ್ದ. ಸುಮ್ಮನೆ ಅಬ್ಬರಿಸುವುದು ಅವನಿಗಾಗದು.

"ಡ್ರಮ್ಮರ್ ಅಂದ್ರೆ ಬಸ್ ಡ್ರೈವರ್ ಕಣಮ್ಮ ವಿಮಲಾ. ಗೇರ್ ಬದ್ಲಾಯ್ಸಿದ್ದು ಒಳ್ಗೆ ಕೂತೋರ್ಗೆ ಗೊತ್ತಾಗ್ಬಾರ್ದು."

ಅವನ ಅಪ್ಪ ಗುಬ್ಬಿಯವರು, ಮದುವೆಗಳಿಗೆ ಓಲಗದ ಡೋಲು ಬಾರಿಸುವವರು. ಮಗ ಡೋಲು ಬಿಟ್ಟು ಇಂಗ್ಲಿಷ್ ಹಾಡಿನ ಹಿಂದೆ ಹೋದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಹೀಗಿರುವಾಗ ಕುಣಿಗಲ್ಲಿನ ಒಂದು ಮದುವೆಯಲ್ಲಿ ಬೆಳಿಗ್ಗೆ ಅಪ್ಪನ ಓಲಗ, ಸಂಜೆ ರಿಸೆಪ್ಷನ್ನಿಗೆ ಮಗನ ಬ್ಯಾಂಡ್. ನಮ್ಮ ಹಾಡು ಕೇಳಲೆಂದೇ ಬೆಂಗಳೂರಿನ ಹೋಟೆಲೊಂದರ ಮ್ಯಾನೇಜರ್ ಬರುವವರಿದ್ದರು. ಒಪ್ಪಿದರೆ ಅಲ್ಲೇ ಪರ್ಮನೆಂಟ್ ಕೆಲಸ. ಗಂಗಾಧರ ವೆಲ್ಡಿಂಗಿನಿಂದ ಪಾರು. ವಾರದಿಂದ ಅವನಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಛತ್ರದಲ್ಲಿ ನಾವು ಸಾಮಾನು ಇಳಿಸುತ್ತಿದ್ದಾಗ ಪುರೋಹಿತರು "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ತಾಳಿಯ ಮೂರು ಗಂಟೂ ಬೀಳುವ ತನಕ ಡೋಲು ನಿಲ್ಲುವಂತಿಲ್ಲ. ನಿಂತರೆ ಅಪಶಕುನ, ಬಾರಿಸುವವನನ್ನು ಮುಂದೆ ಯಾರೂ ಕರೆಯುವುದಿಲ್ಲ. ಅಷ್ಟರಲ್ಲೇ ಡೋಲು ತೊದಲಿತು. ಅಪ್ಪನ ಬಲಗೈ ಸೆಟೆದು ನಿಂತಿತ್ತು.

ಗಂಗಾಧರ ಚಪ್ಪಲಿ ಒದರಿ ಓಡಿದ. ಅಪ್ಪನ ಎಡಗೈಯ ಕೋಲು ಕಿತ್ತುಕೊಂಡು ಪಕ್ಕದಲ್ಲೇ ಮಂಡಿಯೂರಿದ. ಬಲಗೈ ಬೆರಳುಗಳಿಗೆ ಗಟ್ಟಿ ಕವಚಗಳನ್ನು ತೊಡದೆ ಡೋಲು ಮುಟ್ಟುವವರಿಲ್ಲ. ಅವು ಅಪ್ಪನ ಕೈಯಲ್ಲೇ ಉಳಿದವು, ಇವನು ಬರಿಬೆರಳಲ್ಲಿ ಬಾರಿಸಿದ. ಮದುಮಗನಿಗೋ ಗಂಟು ಹಾಕಲೇ ಬರುತ್ತಿಲ್ಲ!

"ತಾಳ ಓಡಿಸ್‌ಬ್ಯಾಡ ಕಣ್ಲಾ, ಇನ್ನೂ ಎರ್ಡ್ ಗಂಟೈತೆ," ಎಂದರು ಅಪ್ಪ. ಎಷ್ಟೋ ವರ್ಷಗಳ ಮೇಲೆ ಮಗನಿಗೆ ಆಡಿದ ಮೊದಲ ಮಾತು.

ಅಕ್ಷತೆಯ ಗದ್ದಲದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪ ಡೋಲು ಒರೆಸುತ್ತ, "ಚರ್ಮಕ್ಕೆಲ್ಲಾ ರಕ್ತ ಮಾಡ್‌ಬುಟ್ಟಲ್ಲೋ" ಎಂದು ಗದರಿದರು. ಹೆಗಲ ವಸ್ತ್ರವನ್ನು ಹಲ್ಲಲ್ಲಿ ಕಚ್ಚಿ ಹರಿದು, ಒಂದೇ ಕೈಯಲ್ಲಿ ಮಗನ ಬೆರಳಿಗೆ ಸುತ್ತಿದರು.

ಸಂಜೆಯ ಹೊತ್ತಿಗೆ ಬೆರಳುಗಳು ಬಾತುಕೊಂಡಿದ್ದವು. ಹೇಗೋ ಹಾಡುಗಳನ್ನು ದಾಟಿಸಿದ. ಆಗ ಮ್ಯಾನೇಜರ್, "ಡ್ರಮ್ಮರ್ ಒಂದು ಸೋಲೋ ಬಾರಿಸಲಿ," ಎಂದರು. ಪಕ್ಕದಲ್ಲೇ ಹೆಣ್ಣಿನ ತಂದೆ ನಿಂತಿದ್ದರು.

"ಕೈ ತೋರ್ಸೋ, ಹೇಳ್ಬಿಡು," ಎಂದೆ ಮೆಲ್ಲಗೆ.

"ಸುಮ್ನಿರಮ್ಮ. ಕೈಗೇನಾಯ್ತು ಅಂತ ಕೇಳಲ್ವಾ? ಗಟ್ಟಿಮೇಳ ತೊದಲಿದ್ದು ಗೊತ್ತಾದ್ರೆ ಅಪ್ಪನ್ನ ಯಾರು ಕರೀತಾರೆ?" ಎಂದವನೇ ಎದ್ದು ನಿಂತು, "ಸೋಲೋ ನಂಗೆ ಹಿಡ್ಸಲ್ಲ ಸರ್. ಶೋಕಿ ಅದು," ಎಂದ.

ಮ್ಯಾನೇಜರ್ ಮುಖ ಗಂಟಿಕ್ಕಿದರು. ನಮಗೆ ಕೆಲಸವಾಯಿತು, ಡ್ರಮ್ಮರ್ ಮಾತ್ರ ಬೇರೆಯವನಿರಲಿ ಎಂದರು. "ನಾವೂ ಹೋಗಲ್ಲ" ಎಂದರೆ ಗಂಗಾಧರ ನಮ್ಮನ್ನೇ ಬೈದು ಕಳಿಸಿದ.

ಎಂಬತ್ತರ ದಶಕದಲ್ಲಿ ಒಮ್ಮೆ ಗುಬ್ಬಿಯ ಬಸ್‌ಸ್ಟಾಂಡಿನಲ್ಲಿ ಸಿಕ್ಕಿದ. ಹೆಗಲಲ್ಲಿ ಡೋಲು, ಜೊತೆಗೆ ಅಪ್ಪ. ಅವರ ಕೈ ಸರಿಹೋಗಿರಲಿಲ್ಲ. ಈಗ ಬರೀ ತಾಳ ಹಾಕುತ್ತಾರಂತೆ.

"Tell me the truth, ಗಂಗಾಧರ. ಅವತ್ತು ಕೈ ಚೆನ್ನಾಗಿದ್ದಿದ್ರೂ ಸೋಲೋ ಬಾರಿಸ್ತಿರ್ಲಿಲ್ವಾ?"

ಅಪ್ಪ ಅತ್ತ ತಿರುಗಿದ್ದನ್ನು ನೋಡಿಕೊಂಡು ದನಿ ತಗ್ಗಿಸಿದ. "ಬಾರಿಸ್ತಿರ್ಲಿಲ್ವಾ! ಆ ಛತ್ರದ ಹೆಂಚು ಉದುರೋ ಹಂಗೆ ಬಾರಿಸ್ತಿದ್ದೆ ಕಣಮ್ಮ. ತಿಂಗ್ಳೆಲ್ಲಾ ಕದ್ದು ಪ್ರಾಕ್ಟೀಸ್ ಮಾಡಿದ್ದೆ."

"ಏನ್ಲಾ ಅದು ಪಿಸಪಿಸ? ಬಸ್ ಹೊಂಟೋಯ್ತದೆ," ಎಂದರು ಅಪ್ಪ.

"ಬಂದೆ ಕಣಪ್ಪಾ," ಎಂದು ಅವರ ತೋಳು ಹಿಡಿದು ಜೋಪಾನವಾಗಿ ಬಸ್ ಹತ್ತಿಸಿದ. ಮತ್ತೆ ನಾನವನನ್ನು ನೋಡಲಿಲ್ಲ.